ಕೂತು ಟೀ ಕುಡಿಯುವ ಕಷ್ಟ

ಇಂಥವೆಲ್ಲ ನಮ್ಮನ್ನೇ ಹುಡುಕಿಕೊಂಡು ಬರುತ್ತವೋ, ಅವು ಇರುವ ಕಡೆಗೇ ನಾವು ಹೋಗಿ ಕೂರುತ್ತೇವೋ, ಗೊತ್ತಿಲ್ಲ. ನಾವು ಮೂವರು ಗೆಳತಿಯರು, ಮೂವರಿಗೂ ಐವತ್ತು ದಾಟಿದೆ. ನಾನು ಚನ್ನಗಿರಿಯಲ್ಲಿ ಹೈಸ್ಕೂಲ್ ಟೀಚರ್. ಒಬ್ಬಾಕೆ ಪೋಸ್ಟಾಫೀಸಿನಲ್ಲಿದ್ದಾಳೆ, ಇನ್ನೊಬ್ಬಾಕೆ ಆಸ್ಪತ್ರೆಯಲ್ಲಿ ನರ್ಸು. ವಾರವೆಲ್ಲ ಜನಕ್ಕೆ ಉತ್ತರ ಹೇಳಿ ಹೇಳಿ ಗಂಟಲು ಒಣಗಿರುತ್ತೆ. ಅದಕ್ಕೇ ಶನಿವಾರ ಮಧ್ಯಾಹ್ನ ಪೇಟೆಯ ಹಳೇ ಹೋಟೆಲಿನಲ್ಲಿ ಟೀ ಕುಡಿಯೋದು ಅಂತ ಮಾಡಿಕೊಂಡೆವು. ನಮ್ಮ ತಾತಂದಿರ ಕಾಲದ ಹೋಟೆಲು, ಕಲ್ಲಿನ ಮೇಜು, ಮರದ ಕುರ್ಚಿ. ಅರ್ಧ ತಾಸು ಯಾರೂ ಮಾತಾಡಿಸಬಾರದು, ನಮಗೆ ಬೇಕಾಗಿದ್ದು ಅಷ್ಟೇ.

ಯಜಮಾನರು

ಮೊದಲ ದಿನ ಹೋಗಿ ಕೂತು ಇಪ್ಪತ್ತು ನಿಮಿಷವಾದರೂ ಟೀ ಬರಲಿಲ್ಲ. ಸಪ್ಲೈಯರ್ ವಯಸ್ಸಾದ ಮನುಷ್ಯ, ಹೆಗಲ ಮೇಲೆ ಟವೆಲ್ಲು. ನೀರು ಇಟ್ಟು ಹೋದವರು ದೂರದಲ್ಲಿ ನಿಂತು ಬಾಗಿಲ ಕಡೆಗೇ ನೋಡುತ್ತಿದ್ದರು. ಕೊನೆಗೆ ನಾನೇ ಕರೆದೆ.

"ಏನ್ರೀ, ಟೀ ಕೊಡಲ್ವಾ?"

"ಯಜಮಾನ್ರು ಬರ್ಲಿ ಅಂತ ನಿಂತೀನಿ ರೀ. ಆರ್ಡ್ರು ಅವರೇ ಕೊಡ್ತಾರಲ್ಲ."

ಪೋಸ್ಟಾಫೀಸಿನಾಕೆ ನಿಟ್ಟುಸಿರು ಬಿಟ್ಟಳು. "ನಮ್ಮನೇರು ಜಗಳೂರಾಗವ್ರೆ, ಇವ್ರ ಮನೇರು ನ್ಯಾಮ್ತಿಯಾಗವ್ರೆ. ಈ ಟೀಚರ್ ಮನೇರು ಮಲಗವ್ರೆ. ಬರಾಕೆ ತಡ ಆಗ್ತೈತೆ."

ಸಪ್ಲೈಯರ್ ಸ್ವಲ್ಪ ಯೋಚನೆ ಮಾಡಿದರು. "ಹಂಗಾದ್ರೆ ಮೂರೇ ತರ್ತೀನಿ ಬಿಡ್ರಿ. ಅವ್ರವೂ ತಂದಿಟ್ರೆ ಆರೋಗ್ತವೆ."

ಮಂತ್ರಿಗಳ ಕುರ್ಚಿ

ಇನ್ನೊಂದು ಶನಿವಾರ ಪರೀಕ್ಷೆ ಡ್ಯೂಟಿ ಇತ್ತು. ಮೂರು ತಾಸು ನಿಂತೇ ಇದ್ದು, ಕಾಲೆಳೆದುಕೊಂಡು ಹೋಟೆಲಿಗೆ ಬಂದೆ. ಎಲ್ಲ ಕುರ್ಚಿಯೂ ಭರ್ತಿ. ಮೂಲೆಯಲ್ಲಿ ಒಂದು ಮಾತ್ರ ಖಾಲಿ ಇತ್ತು, ಹೋಗಿ ಧೊಪ್ಪನೆ ಕೂತೆ. ಗಲ್ಲಾದಿಂದ ಮಾಲೀಕರು ಎದ್ದು ಬಂದರು.

"ಮೇಡಮ್, ಅದರ ಮ್ಯಾಲೆ ಯಾರನ್ನೂ ಕೂರ್ಸಲ್ಲ ರೀ. ನಮ್ಮ ಅಪ್ಪಾರ ಕಾಲದಾಗೆ ಒಬ್ರು ಮಂತ್ರಿಗಳು ಬಂದು ಅದರ ಮ್ಯಾಲೇ ಕೂತು ಟೀ ಕುಡಿದಿದ್ರು."

ಎದ್ದೆ. ಏಳುವಾಗ ಎರಡೂ ಮಂಡಿ ಕಟಕ್ ಅಂದವು. ನರ್ಸು ಕೇಳಿದಳು, "ಟೀ ಹೆಂಗೈತೆ ಅಂದ್ರು ಮಂತ್ರಿಗಳು?"

"ಏನೂ ಅನ್ಲಿಲ್ಲ. ಆಮೇಲೆ ಈ ಕಡೆಗೇ ಬರ್ಲಿಲ್ಲ."

ಖಾಲಿ ಕೂತವರು

ಮುಂದಿನ ವಾರ ಲೋಟ ಬಾಯಿಗಿಡುವಷ್ಟರಲ್ಲಿ ಒಬ್ಬ ತಂದೆ ಕುರ್ಚಿ ಎಳೆದುಕೊಂಡು ನಮ್ಮ ಮೇಜಿಗೇ ಬಂದು ಕೂತರು. ಮಗಳು ನನ್ನ ಕ್ಲಾಸು. ಗಣಿತದಲ್ಲಿ ಹೇಗೆ, ಇಂಗ್ಲಿಷಿನಲ್ಲಿ ಹೇಗೆ, ಮುಂದೆ ಏನು ಓದಿಸಬೇಕು ಅಂತ ಒಂದೊಂದಾಗಿ ಕೇಳುತ್ತಾ ಹೋದರು. ಟೀ ಮೇಲೆ ಕೆನೆ ಕಟ್ಟಿತು.

"ಸೋಮವಾರ ಸ್ಕೂಲಿಗೆ ಬರ್ರಿ, ಎಲ್ಲಾ ಹೇಳ್ತೀನಿ," ಅಂದೆ.

"ಬ್ಯಾಡ್ರಿ ಮೇಡಮ್, ಅಲ್ಲಿ ನಿಮಗೆ ಕೆಲ್ಸ ಇರ್ತೈತೆ. ಇಲ್ಲಾದ್ರೆ ಖಾಲಿ ಕೂತಿರ್ತೀರಲ್ಲ."

ಹೊನ್ನಾಳಿಯ ಟೀ

ಗುರುತಿನವರೇ ಇಲ್ಲದ ಊರಿಗೆ ಹೋಗೋಣ ಅಂತ ಅವತ್ತೇ ತೀರ್ಮಾನವಾಯಿತು. ಒಂದು ರಜೆಯ ದಿನ ಬಸ್ಸು ಹತ್ತಿ ಹೊನ್ನಾಳಿಗೆ ಹೋದೆವು. ಅಲ್ಲೂ ಅಂಥದೇ ಒಂದು ಹಳೇ ಹೋಟೆಲು ಇದೆ. ನರ್ಸು ಹಿಂದೆ ಹತ್ತಿರದ ಸಾಸ್ವೆಹಳ್ಳಿಯಲ್ಲಿ ಕೆಲಸ ಮಾಡಿದ್ದಳು. "ಎಷ್ಟೋ ವರ್ಷ ಆತು, ನನ್ನ ಮುಖ ಯಾರಿಗೂ ನೆನಪಿರಲ್ಲ," ಅಂದಳು.

ನಿಜಕ್ಕೂ ಯಾರೂ ತಿರುಗಿ ನೋಡಲಿಲ್ಲ. ಪಕ್ಕದ ಮೇಜಿನಲ್ಲಿ ದಪ್ಪನೆಯ ಒಬ್ಬ ಹಿರಿಯರು ನಮಗೆ ಬೆನ್ನು ಹಾಕಿ ಕೂತು ಟೀ ಕುಡಿಯುತ್ತಿದ್ದರು. ಬಿಸಿ ಟೀ ಬಂತು, ಮಿರ್ಚಿ ಬಜ್ಜಿ ಬಂತು. ಎಷ್ಟೋ ದಿನದ ಮೇಲೆ ನನ್ನ ಭುಜ ಸಡಿಲವಾಯಿತು. ಅದೇ ಖುಷಿಯಲ್ಲಿ ಮಿರ್ಚಿಯನ್ನು ದೊಡ್ಡದಾಗಿ ಕಚ್ಚಿಬಿಟ್ಟೆ. ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು, ಕೆಮ್ಮು ಹತ್ತಿತು.

ನರ್ಸು ನನ್ನ ಬೆನ್ನು ಸವರುತ್ತಾ ಆಸ್ಪತ್ರೆಯ ಅಭ್ಯಾಸದಲ್ಲಿ ಅಂದಳು, "ಏನೂ ಆಗಲ್ಲ, ಉಸಿರು ಎಳ್ಕೊಳ್ರಿ, ಮೈ ಸಡ್ಲ ಬಿಡ್ರಿ. ಇರುವೆ ಕಚ್ಚಿದಂಗೆ ಆಗ್ತೈತೆ, ಅಷ್ಟೇ."

ಪಕ್ಕದ ಮೇಜಿನ ಹಿರಿಯರು ಲೋಟ ಹಿಡಿದುಕೊಂಡೇ ದಡಕ್ಕನೆ ಎದ್ದು ನಿಂತರು. ಇನ್ನೊಂದು ಕೈ ಸೊಂಟದ ಕೆಳಗೆ ಹೋಗಿತ್ತು. ಮೆಲ್ಲಗೆ ತಿರುಗಿದರು.

"ಸಾಸ್ವೆಹಳ್ಳಿ ಸಿಸ್ಟ್ರೇನ್ರೀ?"

ನರ್ಸು ತಬ್ಬಿಬ್ಬಾದಳು. "ಹೌದ್ರೀ, ಮೊದ್ಲು ಅಲ್ಲಿದ್ದೆ. ನಿಮಗೆ ನನ್ನ ಗುರುತು ಹೆಂಗೆ ಸಿಕ್ತು?"

"ಮುಖ ನೋಡಿದ್ದು ಇವತ್ತೇ ರೀ. ಹತ್ತು ದಿನ ಸೂಜಿ ಹಾಕಿದ್ರಿ, ಹತ್ತೂ ದಿನ ಮಕಾಡೆ ಮಲಗಿದ್ದೆ. ದಿನಾ ಇದೇ ಮಾತು ಹೇಳ್ತಿದ್ರಿ."

ನಮ್ಮ ಮೂವರಿಗೂ ಪಾಪ ಅನಿಸಿತು. ನಗು ತಡೆದುಕೊಂಡು, "ಕೂತ್ಕೊಂಡು ಟೀ ಕುಡೀರಿ ಅಜ್ಜಾರೆ," ಅಂದೆ.

ಅವರು ಕುರ್ಚಿ ನೋಡಿದರು, ನರ್ಸನ್ನು ನೋಡಿದರು.

"ನೀವು ಕುಡೀರಿ. ನೀವು ಹೋಗೋ ತನಕ ನಾನು ನಿಂತೇ ಇರ್ತೀನಿ."