ಮಾವನವರ ಬಾನೆಟ್ಟೂ ನನ್ನ ಏರ್‌ಬ್ರಷ್ಷೂ

ತಪ್ಪು ಒಪ್ಪಿಕೊಳ್ಳಲು ಎರಡು ನಿಮಿಷ ಸಾಕು. ಮುಚ್ಚಿಡಲು ಕಡಿಮೆಯೆಂದರೂ ನಾಲ್ಕು ದಿನ ಬೇಕು, ಜೊತೆಗೊಂದು ಕಂಪ್ರೆಸರ್ ಬೇಕು. ನಾನು ಮುಚ್ಚಿಡುವವರ ಪೈಕಿ.

ಖಾನಾಪುರದ ನಮ್ಮ ಮಾವನವರು ಹನ್ನೆರಡು ವರ್ಷಗಳಲ್ಲಿ ನನಗೆ ಹೋಳಿಗೆ ಹಾಕಿದ್ದಾರೆ, ಧೋತರ ಉಡಿಸಿದ್ದಾರೆ, ಕಾರಿನ ಕೀಲಿ ಮಾತ್ರ ಕೊಟ್ಟಿರಲಿಲ್ಲ. ಮೊನ್ನೆ ಅದೂ ಸಿಕ್ಕಿತು. "ಐತವಾರ ತಂದು ಮುಟ್ಟಸ್ರಿ. ಹೆಂಗ ಒಯ್ದೀರಿ, ಹಂಗ," ಎಂದರು. ಆ ಬಿಳಿ ಕಾರನ್ನು ಬೆಳಗಾವಿಗೆ ತಂದು ಮನೆಯ ಮುಂದೆ ನಿಲ್ಲಿಸಿದೆ. ಬುಧವಾರ ಗೇಟಿನ ದೀಪ ಹಾಕಲೆಂದು ನಾನೇ ಒರಗಿಸಿದ್ದ ಏಣಿ ಜಾರಿ ಬಾನೆಟ್ಟಿನ ಮೇಲೆ ಬೆರಳುದ್ದ ಗೆರೆ ಎಳೆಯಿತು. ಹೆಂಡತಿ ಸುಜಾತಾ, "ಅಪ್ಪಗ ಖರೇ ಹೇಳಿಬಿಡ್ರಿ, ನುಂಗತಾರೇನು?" ಎಂದಳು. ಅವಳಿಗೇನು, ಅವಳು ಮಗಳು.

ಗ್ಯಾರೇಜಿನಲ್ಲಿ ವಾರ ಹಿಡಿಯುತ್ತದೆ ಎಂದರು; ಭಾನುವಾರಕ್ಕೆ ಉಳಿದದ್ದು ನಾಲ್ಕೇ ದಿನ. ಸರಿ, ನಾನೇ ಗೆರೆ ಮುಚ್ಚೋಣವೆಂದು, ಕಂಪ್ರೆಸರಿನ ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಕೊಳ್ಳಲು ಅಂಗಡಿಗೆ ಓಡಿದೆ. ಪೆನ್ನಿನಷ್ಟು ತೆಳ್ಳಗೆ ಮಿರಿಮಿರಿ ಮಿಂಚುವ ಒಂದನ್ನು ಎತ್ತಿಕೊಂಡೆ. ಬದನೆಕಾಯಿಯನ್ನೂ ನಾನು ಹೊಳಪು ನೋಡಿಯೇ ಆರಿಸುವವನು. ಅಂಗಡಿಯವರು ಅದನ್ನು ನನ್ನ ಕೈಯಿಂದ ತೆಗೆದು ಒಳಗಿಟ್ಟರು. "ಅದು ಚಿತ್ರಾ ಬರಿಯಾವ್ರದ್ರೀ ಸರ. ಸೂಜಿ ಭಾಳ ಸಣ್ಣದು, ಕಾರಿನ ಬಣ್ಣ ಕಟಗೊಂಡ ಕುಂದರತೈತಿ. ಅರ್ಧಾ ಮಿಲಿಮೀಟರ್ ಸೂಜೀದು, ಮ್ಯಾಲ ಬಟ್ಟಲಾ ಇದ್ದದ್ದು ಒಯ್ರಿ. ಮೊದಲ ಹಳೇ ಡಬ್ಬಿ ಮ್ಯಾಲ ಹೊಡದ ನೋಡ್ರಿ." ಹೊಡೆದು ನೋಡಿದೆ. ಅಡುಗೆಮನೆಯ ಮೂರು ಡಬ್ಬಿಗಳು ಬೆಳ್ಳಗಾದವು. ಜೋಳದ ಹಿಟ್ಟು ಯಾವುದರಲ್ಲಿದೆ ಎಂದು ಸುಜಾತಾ ಎರಡು ದಿನ ಹುಡುಕಿದಳು.

ಶನಿವಾರ ಗೆರೆಯ ಸುತ್ತ ಪೇಪರು ಅಂಟಿಸಿ ಬಣ್ಣ ಹೊಡೆದೆ. ದೂರದಿಂದ ಏನೂ ಕಾಣದು. ಹತ್ತಿರ ಹೋದರೆ ಹಾಲಿಗೂ ಮಜ್ಜಿಗೆಗೂ ಇರುವಷ್ಟು ವ್ಯತ್ಯಾಸ. ಪೇಪರಿನಡಿ ನುಸುಳಿದ ಬಣ್ಣದ ಹನಿಗಳನ್ನು ಬಣ್ಣ ಕರಗಿಸುವ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಬಟ್ಟೆ ಕೆಂಪಾಯಿತು. ಪಕ್ಕದಲ್ಲಿ ಮಾಸಿಹೋಗಿದ್ದ ಕೆಂಪು ಕಲೆಯನ್ನು ಖಾನಾಪುರದ ಕೆಮ್ಮಣ್ಣು ಎಂದುಕೊಂಡು ಇನ್ನಷ್ಟು ಜೋರಾಗಿ ತಿಕ್ಕಿದೆ.

ಭಾನುವಾರ ಕಾರು ನಿಲ್ಲಿಸುತ್ತಿದ್ದಂತೆ ಅತ್ತೆಯವರು ಹೊರಗೆ ಬಂದರು. "ಅಯ್ಯ ಶಿವನ! ಮಾನೌಮಿ ಖಂಡೇಪೂಜಿಗೆ ಕಾರ ಪೂಜಿ ಮಾಡಿ ನಾ ಕುಂಕುಮದಾಗ ಬರದ ಶ್ರೀ ಎಲ್ಲಿ ಹೋತ್ರೀ? ಅದನ್ನ ಒರಸಾಕ ಇವರಿಗೂ ನಾ ಬಿಡಂಗಿಲ್ಲ!" ಶ್ರೀ ಹುಡುಕಲು ಬಗ್ಗಿದ ಮಾವನವರಿಗೆ ನನ್ನ ತೇಪೆ ಸಿಕ್ಕಿತು. ನಾನು ಏಣಿಯಿಂದ ಥಿನ್ನರಿನವರೆಗೆ ಎಲ್ಲ ಒದರಿದೆ.

"ಏಣಿ ಬಿತ್ತಂದ್ರ ಬಿತ್ತು. ಮುಚ್ಚೂ ಉಸಾಬರಿ ಯಾಕ ಬೇಕಿತ್ರಿ?" ಎಂದು ಮಾವನವರು ಕೈ ಚಾಚಿದರು. "ಕೀಲಿ ತರ್ರಿ."

ಅತ್ತೆಯವರು ಕುಂಕುಮ ಕಲಸಿ ತಂದು ಉಂಗುರಬೆರಳಿನಿಂದ ಹೊಸ ಶ್ರೀ ಬರೆದರು, ಸರಿಯಾಗಿ ತೇಪೆಯ ಮೇಲೆಯೇ. ಹಾಲು, ಮಜ್ಜಿಗೆ ಎರಡೂ ಮಾಯ.

ವಾಪಸು ರೈಲಿನಲ್ಲಿ ದೇಸೂರು ದಾಟುವವರೆಗೂ ಅದೇ ಯೋಚನೆ. ಬುಧವಾರವೇ ನಿಜ ಹೇಳಿದ್ದರೆ ಅತ್ತೆಯವರ ಒಂದು ಬೆರಳಿನಲ್ಲಿ ಕೆಲಸ ಮುಗಿಯುತ್ತಿತ್ತು, ಕೀಲಿಯೂ ಇನ್ನೊಮ್ಮೆ ನನ್ನ ಕೈಗೆ ಸಿಗುತ್ತಿತ್ತು. ಅಷ್ಟರಲ್ಲಿ ಸುಜಾತಾಳ ಫೋನು ಬಂತು: ಹೇಗೂ ಏರ್‌ಬ್ರಷ್ ಖಾಲಿ ಬಿದ್ದಿದೆಯಲ್ಲ, ಉಳಿದ ಡಬ್ಬಿಗಳಿಗೂ ಬಣ್ಣ ಹೊಡೆದುಬಿಡಬೇಕಂತೆ.