ನರ್ಸಮ್ಮ ಅಗೆದ ಎರೆಮಣ್ಣು

ಪೊಲೀಸರಿಗೆ ಹೊಡೆದು ದಕ್ಕಿಸಿಕೊಂಡವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅಷ್ಟೇ ಅಲ್ಲ, ಅವರ ಮನೆಯಲ್ಲಿ ಬಾಡಿಗೆಗೂ ಇದ್ದೆ!

ತೊಂಬತ್ತರ ದಶಕದ ಕೊನೆಯ ಮಾತು. ಕೊಟ್ಟೂರಿನ ಹೈಸ್ಕೂಲಿಗೆ ಗಣಿತದ ಮೇಷ್ಟರಾಗಿ ಹೋಗಿದ್ದೆ. ಹೆಂಡತಿಗೆ ಶಿವಮೊಗ್ಗದಲ್ಲಿ ನೌಕರಿ. ಹೀಗಾಗಿ ಕೊಟ್ಟೂರಿನಲ್ಲಿ ನನ್ನ ಸಂಸಾರವೆಂದರೆ ಒಂದು ಸೀಮೆಎಣ್ಣೆ ಸ್ಟೌ ಮತ್ತು ಒಂದು ಚಾಪೆ. ಸ್ಟೌ ಆದರೂ ಆಗಾಗ ಮಾತಾಡುತ್ತಿತ್ತು, ಚಾಪೆಯದು ಮೌನವ್ರತ. ಬಾಡಿಗೆಗೆ ಸಿಕ್ಕಿದ್ದು ನರ್ಸಮ್ಮನ ಮನೆಯ ಮುಂದಿನ ಕೋಣೆ. ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತರಾದವರು ಅವರು. ಮದುವೆಯಾಗಿರಲಿಲ್ಲ. ಅವರಿಗೂ ಒಂದು ಹೆಸರು ಇತ್ತು. ಅದನ್ನು ಬಳಸುತ್ತಿದ್ದವರು ಪಿಂಚಣಿ ಕೊಡುವವರು ಮಾತ್ರ.

ಮನೆಯ ಮಗ್ಗುಲಲ್ಲಿ, ಬೀದಿಗೆ ತಾಗಿದಂತೆ, ಮುಳ್ಳುಬೇಲಿಯೊಳಗೆ ಅವರ ತರಕಾರಿ ಜಾಗ. ಸಂಜೆಯಾದರೆ ಅಲ್ಲಿ ಗುದ್ದಲಿ ಹಿಡಿದು ನಿಲ್ಲುತ್ತಿದ್ದರು. ಒಂದು ಕಣ್ಣು ಮಣ್ಣಿನ ಮೇಲೆ, ಇನ್ನೊಂದು ಬೀದಿಯ ಮೇಲೆ. ಯಾರಾದರೂ ಹಾದುಹೋದರೆ ಮುಗಿಯಿತು!

"ಏ ಪೊಲೀಸಾ! ಏನ್ ಮೀಸಿ ಬಿಟ್ಟೀಯಲೇ! ಹುಟ್ಟಿದಾಗ ಅಳಾಕ ಬರ್ತಿರಲಿಲ್ಲ ನಿನಗ. ಕಾಲು ಹಿಡದು ತಲಿಕೆಳಗ ಮಾಡಿ ಎರಡು ಬಾರಿಸಿದ ಮ್ಯಾಲೆ ಬಾಯಿ ಬಿಟ್ಟಿ!"

ಕಾನ್‌ಸ್ಟೇಬಲ್ ಟೊಪ್ಪಿಗೆ ಸರಿಮಾಡಿಕೊಂಡು ಸೈಕಲ್ಲನ್ನು ಜೋರಾಗಿ ತುಳಿಯುತ್ತಿದ್ದ. ಕಿರಾಣಿ ಅಂಗಡಿಯವನಿಗೆ, "ನಿನ್ನ ತಲಿ ಸೋರೆಕಾಯಿ ಇದ್ದಂಗ ಇತ್ತಲೇ, ನಾನ ತಟ್ಟಿ ದುಂಡಗ ಮಾಡೀನಿ." ಮಾತು ಪ್ರೀತಿಯದೇ. ಆದರೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟವನು ಇಂಥ ಪ್ರೀತಿಯನ್ನು ಎಷ್ಟು ಸಲ ತಡೆದಾನು? ಊರಿನ ಅರ್ಧದಷ್ಟು ಜನ ಹಿಂದಿನ ಓಣಿ ಹಿಡಿದರು. ನಮ್ಮ ಬೀದಿಯಲ್ಲಿ ನಾಯಿಗಳು ನಡುರಸ್ತೆಯಲ್ಲೇ ನಿಶ್ಚಿಂತೆಯಿಂದ ನಿದ್ದೆ ಹೋಗುತ್ತಿದ್ದವು.

ಇನ್ನು ಆ ಮಣ್ಣು! ಅಪ್ಪಟ ಕಪ್ಪು ಎರೆಮಣ್ಣು. ಬೇಸಿಗೆಯಲ್ಲಿ ಹಾರೆ ಹಾಕಿದರೆ ಹಾರೆಯೇ 'ಅಯ್ಯೋ' ಅನ್ನಬೇಕು. ಮಳೆಯಲ್ಲಿ ಕಾಲಿಟ್ಟರೆ ಚಪ್ಪಲಿ ಮಣ್ಣಿಗೆ, ಕಾಲು ಮಾತ್ರ ನಮಗೆ. ಅದನ್ನು ಮೈಕೈ ನೋಯಿಸಿಕೊಳ್ಳದೆ ಅಗೆಯುವುದಕ್ಕೆ ನರ್ಸಮ್ಮನದೊಂದು ಶಾಸ್ತ್ರವೇ ಇತ್ತು.

"ನೋವು ಬರೋತನಕ ಕಾಯಬೇಕ್ರಿ ಮೇಷ್ಟ್ರ, ಮಣ್ಣಿಗೂ," ಎನ್ನುತ್ತಾ ಒಂದು ಹಿಡಿ ಎತ್ತಿ ಉಂಡೆ ಕಟ್ಟುತ್ತಿದ್ದರು. "ಕೈಗೆ ಅಂಟಿದ್ರ ಇನ್ನಾ ಟೈಮ್ ಐತಿ. ಉಂಡಿ ಕಟ್ಟಿ, ಬೆರಳಿಲೆ ಒತ್ತಿದ್ರ ಒಡೀಬೇಕು. ಅದು ಹದ."

ಗುದ್ದಲಿಗೆ ತಮ್ಮೆತ್ತರದ ಬಿದಿರಿನ ಕಾವು ಹಾಕಿಸಿದ್ದರು, ಸೊಂಟ ಬಗ್ಗದಿರಲೆಂದು. ತೆಳ್ಳಗೆ ಹೋಳು ಹೋಳಾಗಿ ಕಡಿಯುತ್ತಾ ಹಿಂದಕ್ಕೆ ಸರಿಯುವುದು, ನಡುನಡುವೆ ಕೈ ಬದಲಿಸುವುದು, ದಣಿವಾಗುವ ಮುಂಚೆಯೇ ನಿಲ್ಲಿಸುವುದು. ದಿನಕ್ಕೆ ಒಂದು ಸೀರೆಯ ಅಗಲ, ಅಷ್ಟೇ. ಈ ವೇಗ ನೋಡಿ ನನಗೆ ತಡೆಯಲಾಗದೆ ಒಂದು ಭಾನುವಾರ ನಾನೇ ಗುದ್ದಲಿ ಹಿಡಿದೆ. ಅವರು ಕಟ್ಟೆಯ ಮೇಲೆ ಕೂತು ಕೂಗತೊಡಗಿದರು.

"ಸೊಂಟ ಬಗ್ಗಿಸಬ್ಯಾಡ್ರಿ, ಮೊಣಕಾಲು ಮಡಚ್ರಿ! ಉಸಿರು ಹಿಡೀಬ್ಯಾಡ್ರಿ, ಬಿಡ್ರಿ! ಹಾಂ, ಇನ್ನೊಂದೀಟು! ಆತು, ಆತು!"

ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಗಾಬರಿಯಿಂದ ನಿಂತಳು. "ಯಾರಿಗೆ ಹೆರಿಗಿ, ನರ್ಸಮ್ಮ?"

"ನಮ್ಮ ಮೇಷ್ಟ್ರಿಗೆ!"

ಮರುದಿನ ಸ್ಟಾಫ್ ರೂಮಿಗೆ ಕಾಲಿಡುತ್ತಿದ್ದಂತೆ ಡ್ರಿಲ್ ಮೇಷ್ಟ್ರು ಕೇಳಿದರು: "ಗಂಡೋ, ಹೆಣ್ಣೋ?"

ಆ ವರ್ಷ ಮಳೆ ಹಿಡಿದುಕೊಂಡ ವಾರದಲ್ಲಿ ನರ್ಸಮ್ಮ ಕಣ್ಣು ತೋರಿಸಲು ಬಳ್ಳಾರಿಗೆ ಹೋದರು. ಇತ್ತ ಕಾನ್‌ಸ್ಟೇಬಲ್ಲಿಗೆ ಕರುಣೆ ಉಕ್ಕಿತು. "ಪಾಪ, ಮುದುಕಿ ದಿನಾ ಒದ್ದಾಡತೈತಿ," ಎಂದು ಕಿರಾಣಿ ಅಂಗಡಿಯವನನ್ನೂ ಇನ್ನಷ್ಟು ಜನರನ್ನೂ ಕಟ್ಟಿಕೊಂಡು ಬಂದ. ಎಲ್ಲರೂ ನರ್ಸಮ್ಮನ ಕೈಯಲ್ಲೇ ಹುಟ್ಟಿದವರು. ಒಂದೇ ಬೆಳಿಗ್ಗೆಯಲ್ಲಿ ಇಡೀ ಜಾಗವನ್ನು ಅಗೆದು ಬುಡಮೇಲು ಮಾಡಿ, ಮೀಸೆ ತಿರುವಿಕೊಂಡು ಹೋದರು.

ನರ್ಸಮ್ಮ ಬಂದರು. ಬೇಲಿಯಾಚೆಯೇ ನಿಂತು ನೋಡಿದರು.

"ಹಸಿ ಎರಿ ತುಳದಾರಲ್ರಿ ಮೇಷ್ಟ್ರ! ಇನ್ನ ಇದು ಕಲ್ಲ ಆಕ್ಕತಿ."

ಹಾಗೆಯೇ ಆಯಿತು. ಬಿಸಿಲು ಬಿದ್ದದ್ದೇ ತಡ, ಒಂದೊಂದು ಹೆಂಟೆಯೂ ಇಟ್ಟಿಗೆ! ಅದರಿಂದ ಮನೆ ಕಟ್ಟಬಹುದಿತ್ತು, ಮೆಂತ್ಯ ಬೆಳೆಯುವಂತಿರಲಿಲ್ಲ. ನರ್ಸಮ್ಮ ಎಲ್ಲರಿಗೂ ಹೇಳಿಕಳುಹಿಸಿದರು. ತಪ್ಪಿತಸ್ಥರು ತಲೆ ತಗ್ಗಿಸಿಕೊಂಡು ಬಂದರು.

"ಕೊಡತಿ ತಗೊಂಡು ದಿನಾ ಸಂಜಿಕೆ ಬರ್ರಲೇ. ಕುಂತು ಒಡೀರಿ, ನಿಂತಲ್ಲ. ಗಡಿಬಿಡಿ ಬ್ಯಾಡ."

ಹೀಗೆ ಶುರುವಾಯಿತು ನೋಡಿ! ಸಂಜೆಯಾದರೆ ಎಲ್ಲರೂ ಬೇಲಿಯೊಳಗೆ ಕೂತು ಮರದ ಕೊಡತಿಯಿಂದ ಹೆಂಟೆ ಒಡೆಯುವುದು. ನರ್ಸಮ್ಮ ಒಬ್ಬೊಬ್ಬರ ಜನ್ಮವೃತ್ತಾಂತ ಹೇಳುವುದು, ಉಳಿದವರು ನಗುವುದು. ಆಮೇಲೆ ಮಂಡಕ್ಕಿ, ಬಿಸಿ ಬಿಸಿ ಮಿರ್ಚಿ ಬಜ್ಜಿ. ಕಾನ್‌ಸ್ಟೇಬಲ್ ಹೆಂಡತಿಯನ್ನೂ ಕರೆತಂದ. ಆಕೆಗಂತೂ ಗಂಡನಿಗೆ ಬಿದ್ದ ಎರಡು ಏಟಿನ ಕತೆ ಎಷ್ಟು ಕೇಳಿದರೂ ಸಾಲದು! ನಾನೂ ಸ್ಟೌ ಹಚ್ಚುವುದನ್ನು ಬಿಟ್ಟು ಅಲ್ಲೇ ಊಟ ಮುಗಿಸುತ್ತಿದ್ದೆ. ನರ್ಸಮ್ಮ ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆಂಬುದು ಗೊತ್ತಾದದ್ದು ಆಗಲೇ.

ಎಷ್ಟೇ ನಿಧಾನ ಮಾಡಿದರೂ ಹೆಂಟೆ ಮುಗಿಯಲೇಬೇಕಲ್ಲ. ಮಣ್ಣು ಪುಡಿಯಾಯಿತು, ಶೇಂಗಾ ಹೊಟ್ಟು ಬೆರೆಯಿತು, ಬೀಜ ಬಿತ್ತು. ಜನ ಬರುವುದು ನಿಂತಿತು. ಯಾರೂ ಮುನಿಸಿಕೊಂಡದ್ದಲ್ಲ; ಕೆಲಸವಿಲ್ಲದೆ ಯಾರು ಯಾರ ಮನೆಗೆ ಬರುತ್ತಾರೆ? ಮೆಂತ್ಯ ಬಂದಾಗ ನರ್ಸಮ್ಮ ಕಟ್ಟು ಕಟ್ಟಿ ಬೇಲಿಯ ಮೇಲಿಂದ ಕೊಟ್ಟರು. ಜನ ಸೈಕಲ್ಲಿನಿಂದ ಇಳಿಯದೆ ತೆಗೆದುಕೊಂಡು, "ಬರ್ತೀನಿ ನರ್ಸಮ್ಮ," ಎಂದು ಹೋದರು.

ಒಂದು ಸಂಜೆ ನಾನು ಬೇಸರದಿಂದ, "ಇಷ್ಟು ಜನರನ್ನ ಭೂಮಿಗೆ ತಂದಿರಿ, ಒಬ್ಬರೂ ಈಗ ಬರೋದಿಲ್ಲವಲ್ಲ," ಎಂದೆ.

"ಹೊರಗ ಬಂದ ಕೂಸು ನರ್ಸಿನ ಮಕ ಯಾಕ ನೋಡತೈತ್ರಿ? ಅವ್ವನ ಕಡಿಗೆ ತಿರುಗತೈತಿ. ತಿರುಗಬೇಕು. ತಿರುಗಿದ್ರನ ಕೂಸು ಆರಾಮ ಐತಿ ಅಂತ," ಎಂದು ಅವರು ಎದ್ದು ಒಳಗೆ ಹೋದರು.

ಬೆಳೆ ಮುಗಿದು ನೆಲ ಖಾಲಿಯಾಗಿತ್ತು. ಹಿಂಗಾರು ಮಳೆ ಸುರಿದು ನಿಂತ ಒಂದು ಸಂಜೆ ನಾನು ಶಾಲೆಯಿಂದ ಬರುತ್ತಿದ್ದೆ. ಬೇಲಿಯೊಳಗೆ ನರ್ಸಮ್ಮ. ಕೈಯಲ್ಲಿ ಗುದ್ದಲಿ ಇರಲಿಲ್ಲ. ಸೀರೆ ಎತ್ತಿ ಸಿಕ್ಕಿಸಿಕೊಂಡು, ಬರಿಗಾಲಲ್ಲಿ, ಆ ಹಸಿ ಮಣ್ಣನ್ನು ತುಳಿಯುತ್ತಿದ್ದರು. ಒಂದೊಂದೇ ಹೆಜ್ಜೆ, ಒತ್ತಿ ಒತ್ತಿ.

"ನರ್ಸಮ್ಮ, ಏನು ಮಾಡ್ತಿದ್ದೀರಿ? ಮಣ್ಣು ಕಲ್ಲಾಗಿ ಹೋಗುತ್ತೆ!"

ಅವರು ಬೆಚ್ಚಿ ನಿಂತರು. ತಲೆ ಎತ್ತಲಿಲ್ಲ.

"ಆಗ್ಲಿ ಬಿಡ್ರಿ," ಎಂದರು ಮೆಲ್ಲಗೆ. "ಕಲ್ಲಾದ್ರ ಬರ್ತಾರಲ್ರಿ."

ಕೈಯಲ್ಲಿದ್ದ ಕೊಡೆಯನ್ನು ಬೇಲಿಗೆ ಸಿಕ್ಕಿಸಿದೆ. ಚಪ್ಪಲಿ ಬಿಟ್ಟೆ. ಪ್ಯಾಂಟು ಮಡಚಿಕೊಂಡು ಒಳಗೆ ಕಾಲಿಟ್ಟೆ. ಮಣ್ಣು ತಣ್ಣಗೆ ಕಾಲನ್ನು ಹಿಡಿದುಕೊಂಡಿತು. ಇಬ್ಬರೂ ತುಳಿದೆವು.

ಬಹಳ ಹೊತ್ತಿನ ಮೇಲೆ ನರ್ಸಮ್ಮ ಬೇಲಿಯ ಕಡೆ ಕೈ ತೋರಿಸಿದರು.

"ಆ ಮೂಲಿ ಬಿಟ್ಟೀರಿ ನೋಡ್ರಿ, ಮೇಷ್ಟ್ರ. ಅಲ್ಲೊಬ್ರು ಕುಂದರಬೇಕಲ್ಲ."