ಕುಜದ ಕನ್ಯೆಯ ವಯಸ್ಸು

ಗಂಗಾಧರಸ್ವಾಮಿ ಮೇಷ್ಟ್ರ ಭಾನುವಾರ ಹಾಳಾದದ್ದು ಕುಜ ಗ್ರಹದ ಒಬ್ಬ ಹುಡುಗಿಯಿಂದ.

ಹುಡುಗಿಯ ಹೆಸರು ರಕ್ತಾಂಬರಿ. ಅವಳನ್ನು ಹುಟ್ಟಿಸಿದವರೂ ಮೇಷ್ಟ್ರೇ. ರಷ್ಯಾದವರು ಆಕಾಶಕ್ಕೆ ಚೆಂಡಿನಂಥದ್ದೊಂದನ್ನು ಹಾರಿಬಿಟ್ಟ ಮೇಲೆ ಜನರೆಲ್ಲ ಕತ್ತೆತ್ತಿಕೊಂಡೇ ನಡೆಯತೊಡಗಿದ್ದರು. ಗುಂಡ್ಲುಪೇಟೆಯ ಒಂದು ಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದ ಮೇಷ್ಟ್ರು ಇದೇ ಸಮಯವೆಂದು ಮೈಸೂರಿನ ವಾರಪತ್ರಿಕೆಯೊಂದಕ್ಕೆ ಧಾರಾವಾಹಿ ಶುರು ಮಾಡಿದರು. ಇಪ್ಪತ್ತೆರಡರ ತರುಣ ಶೇಖರ ಕುಜಕ್ಕೆ ಹಾರಿಹೋಗಿ, ಹಸಿರು ಕೂದಲಿನ ರಕ್ತಾಂಬರಿಯನ್ನು ಕಂಡು ಮರುಳಾಗುತ್ತಾನೆ. "ನನಗಿನ್ನೂ ಈ ಲೋಕದ ಹದಿನೆಂಟು ವರ್ಷ" ಎಂದು ಅವಳು ನಾಚುತ್ತಾಳೆ. ಆ ಒಂದು ಸಾಲು ಮೇಷ್ಟ್ರ ಕುತ್ತಿಗೆಗೆ ಬಂತು.

ಬೆಳಗಿನ ಮೈಸೂರು ಬಸ್ಸಿನ ಕಂಡಕ್ಟರ್ ಚಿಕ್ಕಯ್ಯ ಬಾಗಿಲಿಗೇ ಬಂದು ನಿಂತ.

"ಮೇಷ್ಟ್ರೇ, ಪತ್ರಿಕೆಯೋರು ಯೋಳ್ ಕಳ್ಸವ್ರೆ. ಕುಜದಲ್ಲಿ ಒಂದು ವರ್ಸ ಅಂದ್ರೆ ನಮ್ದು ಎರಡಕ್ಕೆ ಒಸಿ ಕಮ್ಮಿಯಂತೆ, ದಿಟವಾ?"

"ದಿಟವೇ. ನಾನೇ ಪಾಠ ಮಾಡಿದೀನಲ್ಲಯ್ಯ."

"ಅಂಗಾದ್ರೆ ನಿಮ್ಮ ಹುಡ್ಗಿಗೆ ನಮ್ಮ ಲೆಕ್ಕದಲ್ಲಿ ಮೂವತ್ನಾಕಂತೆ. ಇಪ್ಪತ್ತೆರಡರ ಹೈದನ್ಗೆ ಚಿಕ್ಕವ್ವನಂಗವ್ಳೆ, ಇದೇನು ಕತೆಯಾ ಅಂತ ಓದೋರು ಬೋದು ಬರ್ದವ್ರಂತೆ. ಸಂಜೆ ನಮ್ಮ ಬಸ್ಸು ಊಟಿಯಿಂದ ವಾಪಸ್ ಬರೋವೊತ್ಗೆ ವಯಸ್ಸು ಸರಿಮಾಡಿ ಮುಂದಿನ ಕಂತು ಕೊಡ್ಬೇಕಂತೆ. ಇಲ್ದಿದ್ರೆ ಕತೆ ನಿಲ್ಸ್‌ಬುಡ್ತಾರಂತೆ."

ಮೇಷ್ಟ್ರ ಮುಖ ಹಿಂಡಿದ ನಿಂಬೆಹಣ್ಣಿನಂತಾಯಿತು. ಈ ಜಗತ್ತಿನಲ್ಲಿ ಅವರ ಹೆಸರು ಅಚ್ಚಾಗುತ್ತಿದ್ದುದು ಆ ಒಂದು ಪತ್ರಿಕೆಯಲ್ಲಿ ಮಾತ್ರ. ಸಾಲದ್ದಕ್ಕೆ ಅವತ್ತೇ ಮಧ್ಯಾಹ್ನ ಚಾಮರಾಜನಗರದಿಂದ ಗುರುಪಾದಸ್ವಾಮಿ ಎಂಬವರು ತಮ್ಮ ಮಗಳು ಗಂಗಾಂಬಿಕೆಗಾಗಿ ಗಂಡು ನೋಡಲು ಬರುವವರಿದ್ದರು. ಹುಡುಗಿಗೆ ಇಪ್ಪತ್ತು ಎಂದು ಹೇಳಿಕಳಿಸಿದ್ದರು.

ಮೇಷ್ಟ್ರು ಹಿತ್ತಲಲ್ಲಿ ಶತಪಥ ತಿರುಗತೊಡಗಿದರು. ಯೋಚನೆ ಮಾಡುವಾಗ ಗಟ್ಟಿಯಾಗಿ ಮಾತಾಡುವುದು ಅವರ ಅಭ್ಯಾಸ. "ಕುಜದ ಹುಡುಗಿ... ಹದಿನೆಂಟು ಅಂದುಬಿಟ್ಟಿದೀನಿ, ನೋಡಿದರೆ ಮೂವತ್ನಾಕು... ಇಷ್ಟು ದಿನ ಜೊತೆಗಿದ್ದು ಈಗ ಹೇಗೆ ಕೈಬಿಡಲಿ? ಸಂಜೆಯೊಳಗೆ ಏನಾದರೂ ಮಾಡಿ ಮುಚ್ಚಿಹಾಕಬೇಕು."

ಗೋಡೆಯಾಚೆ ಪಕ್ಕದ ಮನೆಯ ಸಣ್ಣತಾಯಮ್ಮ ಬಟ್ಟೆ ಒಗೆಯುತ್ತಿದ್ದಳು. ಆಕೆಯ ಕಿವಿಗೆ ಗೋಡೆಯೆಂದರೆ ಸೊಳ್ಳೆಪರದೆಯಷ್ಟೇ. ಒಗೆಯುವ ಕಲ್ಲಿನ ಮೇಲೆ ಸೀರೆಯನ್ನು ಅರ್ಧಕ್ಕೇ ಬಿಟ್ಟು, ಇಷ್ಟು ದೊಡ್ಡ ಸುದ್ದಿಯನ್ನು ಒಬ್ಬಳೇ ಹೊರಲಾರದೆ ಬೀದಿಗೆ ನಡೆದಳು.

ಇತ್ತ ಅಡುಗೆಮನೆಯಲ್ಲಿ ಅಜ್ಜಿ ಶಾಂತಮಲ್ಲಮ್ಮ ಕಜ್ಜಾಯ ಕರಿಯುತ್ತಿದ್ದರು. ಮೇಷ್ಟ್ರು ಹೋಗಿ ಹೊಸ್ತಿಲ ಮೇಲೆ ಕುಳಿತರು.

"ಅಜ್ಜಿ, ಕುಜದ ಜನ ನಮಗಿಂತ ನಿಧಾನಕ್ಕೆ ಬೆಳೀತಾರೆ ಅಂತ ಬರೆದರೆ ಹೇಗೆ? ಮೂವತ್ನಾಕಾದರೂ ಮೈ ಹದಿನೆಂಟರದ್ದೇ."

"ಕುಜ ಅನ್ನದು ಯಾವ್ ಕಡೆ ಬತ್ತದ್ಲಾ? ಹಂಗಳದಿಂದ ಆಚ್ಗಾ?"

"ಇನ್ನೂ ಆಚೆಗೆ."

"ನಿಧಾನಕ್ಕೆ ಬೆಳದ್ರೆ ಬಸುರೂ ನಿಧಾನಾನೇ ತಾನೆ? ಒಂದೂವರೆ ವರ್ಸ ಹೊತ್ಕಂಡು ತಿರ್ಗದಾ? ಬೇಡ ಕಣ್ಲಾ ಮೊಗ, ಆ ಹೆಣ್ಮಕ್ಕಳ ಶಾಪ ತಟ್ತದೆ."

"ಹಾಗಾದರೆ ಮುದುಕರಾಗಿ ಹುಟ್ಟಿ, ಬರ್ತಾ ಬರ್ತಾ ಚಿಕ್ಕವರಾಗ್ತಾರೆ ಅಂದರೆ?"

"ಮದ್ವೆ ಆದ ಮ್ಯಾಲೆ ಗಂಡ ಹೆಂಡ್ತಿ ಇಬ್ರೂ ತೊಟ್ಲಿಗೆ ಬಂದ್ರೆ ತೂಗೋರ್ಯಾರು?" ಅಜ್ಜಿ ಕಜ್ಜಾಯ ತಿರುವಿ ಹಾಕಿದರು. "ಅದ್ಕೆಲ್ಲಾ ಯಾಕ್ಲಾ ತಲೆ ಕೆಡಿಸ್ಕತ್ತೀಯೆ? ಹೆಣ್ಣಿಗೆ ಮದ್ವೆ ಆಗೋಗಂಟ ಎಲ್ಲಾರಾ ವಯಸ್ಸಾದದ್ದುಂಟಾ? ನಮ್ಮ ಕುದೇರಿನ ಸೋಮಮ್ಮನ ಮಗ್ಳಿಗೆ ಏಳೊರ್ಸ ಗಂಡು ಹುಡುಕುದ್ರು. ಏಳೊರ್ಸಾನೂ ಹದಿನೆಂಟೇ. ತಾಳಿ ಬಿದ್ದ ಮಾರನೇ ದಿನ ನೋಡು, ಇಪ್ಪತ್ತೈದಾಗಿ ಕೂತ್ಕಂಡ್ಳು."

ಮೇಷ್ಟ್ರು ಎದ್ದು ನಿಂತರು. ಇಷ್ಟು ಸೊಗಸಾದ ವಿಜ್ಞಾನ ಅವರಿಗೆ ಯಾವ ಪಠ್ಯಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಕೋಣೆಗೆ ಓಡಿ ಉಸಿರು ಬಿಡದೆ ಬರೆದರು. ಕುಜದ ಗಾಳಿಯ ಗುಣದಿಂದ ಅಲ್ಲಿನ ಕನ್ಯೆಯರಿಗೆ ಹರೆಯ ಬಂದ ಮೇಲೆ ಮದುವೆಯವರೆಗೆ ವಯಸ್ಸೇ ಏರುವುದಿಲ್ಲ. ತಾಳಿ ಕಟ್ಟಿದ ಮರುಗಳಿಗೆಯಲ್ಲಿ ಹಳೆಯ ಬಾಕಿಯೆಲ್ಲ ಒಟ್ಟಿಗೆ ಬಂದು ಮೈಗೆ ಸೇರುತ್ತದೆ. ಪಾಪ, ಶೇಖರನಿಗೆ ಅದು ಗೊತ್ತಿಲ್ಲ. ಕತೆಯ ಲೆಕ್ಕವೂ ಸರಿಹೋಯಿತು, ಮುಂದಿನ ಕಂತುಗಳಿಗೆ ಗಂಡಾಂತರವೂ ಸಿಕ್ಕಿತು. ಮೇಷ್ಟ್ರು ಶೀಟಿ ಹೊಡೆಯುತ್ತ ಹೊಸ ಪಂಚೆ ಉಟ್ಟರು.

ಹೊತ್ತು ಇಳಿಯುವಾಗ ನೆಂಟರು ಬಂದರು. ಗುರುಪಾದಸ್ವಾಮಿಗಳು ಜರಿ ರುಮಾಲಿನ ಭಾರಿ ಆಳು. ಅವರ ಜೊತೆ ತಂಗಿ ಮಲ್ಲಾಜಮ್ಮ. ಇಬ್ಬರೂ ಚಾಪೆಯ ಮೇಲೆ ಕುಳಿತರು, ಆದರೆ ಮುಖಗಳು ಬೀಗ ಹಾಕಿದ ಅಂಗಡಿಯಂತಿದ್ದವು.

"ಹುಡುಗನ್ಗೆ ವಯಸ್ಸೆಷ್ಟು?" ಎಂದರು ಗುರುಪಾದಸ್ವಾಮಿಗಳು.

"ಇಪ್ಪತ್ತೆಂಟು" ಎಂದರು ಅಜ್ಜಿ, ಕಜ್ಜಾಯದ ತಟ್ಟೆ ಮುಂದಿಡುತ್ತ.

"ಆ ಇನ್ನೊಬ್ಬಳಿಗೆ?"

"ಯಾವ ಇನ್ನೊಬ್ಬಳು?" ಎಂದರು ಮೇಷ್ಟ್ರು.

"ನಮ್ಗೇನೂ ಗೊತ್ತಿಲ್ಲ ಅನ್ಕಬ್ಯಾಡಿ. ಬಸ್ಸಿಳೀತಿದ್ದಂಗೇ ನಿಮ್ಮ ಪಕ್ಕದ ಮನೆಯಮ್ಮ ಸಿಕ್ಕಿದ್ರು. ಕುಜದೋಷ ಇರೋ ಮೂವತ್ನಾಕು ವರ್ಸದ ಹೆಂಗ್ಸ ಇಟ್ಕಂಡವ್ರಂತೆ ಮೇಷ್ಟ್ರು. ಅವಳ್ನ ಬುಡಾಕೂ ಮನಸಿಲ್ವಂತೆ, ಇವತ್ತು ಸಂಜೆಯೊಳ್ಗೆ ಮುಚ್ಚಾಕ್‌ಬುಡ್ತಾರಂತೆ."

ಮಲ್ಲಾಜಮ್ಮ ಬಗ್ಗಿ ಕೋಣೆಯೊಳಗೆ ಇಣುಕಿದರು. ಅಲ್ಲಿ ಹೆಂಗಸು ಕಾಣದೆ ಮಂಚದ ಕೆಳಗೂ ನೋಡಿದರು.

"ಅಯ್ಯೋ! ಅದು ಕುಜದೋಷವಲ್ಲ ಸ್ವಾಮಿ, ಕುಜ ಗ್ರಹ! ಅವಳು ನನ್ನ ಕತೆಯ ಹುಡುಗಿ!" ಮೇಷ್ಟ್ರು ಬೆವತುಹೋದರು. "ಅವಳ ವಯಸ್ಸಿನ ಲೆಕ್ಕ ತಪ್ಪಿತ್ತು, ಅದನ್ನು ಸರಿ ಮಾಡ್ತಿದ್ದೆ. ಬೇಕಾದರೆ ಕೇಳಿ, ಓದ್ತೀನಿ."

ಓಡಿಹೋಗಿ ಹಾಳೆಗಳನ್ನು ತಂದು, ಗಂಟಲು ಸರಿಮಾಡಿಕೊಂಡು ಓದಿದರು.

"ಆ ಲೋಕದಲ್ಲಿ ಕನ್ಯೆಯರ ವಯಸ್ಸು ನಿಂತಲ್ಲೇ ನಿಂತಿರುತ್ತದೆ. ಎಷ್ಟು ಸಂವತ್ಸರಗಳು ಉರುಳಲಿ, ವರನ ಕಡೆಯವರು ಬಂದು ಕೇಳಿದಾಗಲೆಲ್ಲ ತಂದೆಯಾದವನು ಮೀಸೆ ತಿರುವಿಕೊಂಡು ಅದೇ ಅಂಕಿಯನ್ನು ಹೇಳುತ್ತಾನೆ..."

ಗುರುಪಾದಸ್ವಾಮಿಗಳ ಕೈ ಮೀಸೆಯ ಮೇಲೆಯೇ ಇತ್ತು. ಅದನ್ನು ಥಟ್ಟನೆ ಇಳಿಸಿದರು.

"ನಿಲ್ಸ್ರೀ! ಕತೆಯಂತೆ ಕತೆ! ನಮ್ಮ ಗಂಗಾಂಬಿಕೆಗೆ ಮೂವತ್ತೊಂದು ಅಂತ ನಿಮ್ಗೆ ಯಾವೋನು ಯೋಳ್ದೋನು?"

ಕಜ್ಜಾಯ ಅಗಿಯುತ್ತಿದ್ದ ಮಲ್ಲಾಜಮ್ಮನ ಬಾಯಿ ನಿಂತಿತು. "ಅಣ್ಣಾ, ಯಾರೂ ಯೋಳ್ನಿಲ್ಲ. ಈಗ ನೀನೇ ಯೋಳ್ದೆ."

ಮೊದಲು ಚೇತರಿಸಿಕೊಂಡವರು ಅಜ್ಜಿ. ಅವರ ಸುಕ್ಕು ಮುಖ ತುಂಬ ನಗು.

"ಮೂವತ್ತೊಂದಾ? ಮದ್ಲೇ ಯೋಳಬಾರ್ದಾಗಿತ್ತಾ ಸ್ವಾಮಿ! ಇಪ್ಪತ್ತರ ಎಳೇ ಹುಡ್ಗೀನ ಎಂಗಪ್ಪಾ ತರದು ಅಂತ ನನ್ಗೆ ಎದೆ ಹೊಡ್ಕತ್ತಿತ್ತು. ನಮ್ಮೋನ್ಗೂ ಮೂವತ್ನಾಕು. ಜೋಡಿ ಅಂದ್ರೆ ಇದು!"

ಮೇಷ್ಟ್ರು ಹಾಳೆಯಿಂದ ತಲೆಯೆತ್ತಿದರು. ಅವರ ಬದುಕಿನಲ್ಲಿ ಒಂದು ಲೆಕ್ಕ ಇಷ್ಟು ಚೆನ್ನಾಗಿ ಕೂಡಿಬಂದದ್ದು ಅದೇ ಮೊದಲು. ಆದರೆ ಗುರುಪಾದಸ್ವಾಮಿಗಳು ಆಗಲೇ ರುಮಾಲು ಬಿಗಿಯುತ್ತ ಎದ್ದಿದ್ದರು.

"ಇಪ್ಪತ್ತೆಂಟು ಅಂತ ನಂಬ್ಸಿ ಮೂವತ್ನಾಕರ ಮುದುಕನ್ಗೆ ಕಟ್ಟಕ್ಕೆ ನೋಡಿದ್ರಾ? ಸುಳ್ಳು ಯೋಳೋ ಮನೇಗೆ ನಾನು ಹೆಣ್ಣು ಕೊಡಾಕಿಲ್ಲ. ನಡಿಯಮ್ಮಿ ಮಲ್ಲಾಜೀ!"

ಹೋಗುವಾಗ ಮೇಷ್ಟ್ರ ಕೈಯಿಂದ ಹಾಳೆಗಳನ್ನು ಕಿತ್ತುಕೊಂಡರು. "ಹೆಣ್ಣೆತ್ತೋರ್ನ ಈ ಮೇಷ್ಟ್ರು ಎಂಗೆ ಆಡ್ಕತ್ತಾರೆ ಅನ್ನದ ನಮ್ಮೂರ ನಾಕು ಜನಕ್ಕೆ ತೋರಿಸ್ತೀನಿ!" ಮಲ್ಲಾಜಮ್ಮ ಉಳಿದ ಕಜ್ಜಾಯವನ್ನು ಸೆರಗಿಗೆ ಕಟ್ಟಿಕೊಂಡು ಹಿಂದೆಯೇ ನಡೆದರು.

ಆಘಾತದಿಂದ ಎಚ್ಚೆತ್ತ ಮೇಷ್ಟ್ರು ಬಸ್‌ಸ್ಟ್ಯಾಂಡಿಗೆ ಓಡಿದರು. ಮಂಡಿಯ ಮುಂದೆ ಈರುಳ್ಳಿ ಲಾರಿಯೊಂದು ರಸ್ತೆಗೆ ಅಡ್ಡ ನಿಂತಿತ್ತು. ಮೂಟೆಗಳ ನಡುವೆ ನುಸುಳಿ ಆಚೆ ಬರುವಷ್ಟರಲ್ಲಿ ಚಾಮರಾಜನಗರದ ಬಸ್ಸು ಹೊರಟಿತ್ತು. ಕಿಟಕಿಯಲ್ಲಿ ಗುರುಪಾದಸ್ವಾಮಿಗಳು ಹಾಳೆಗಳನ್ನು ತೊಡೆಯ ಮೇಲೆ ಹರವಿಕೊಂಡು, ಬೆರಳು ನೆಕ್ಕಿ ಪುಟ ತಿರುವುತ್ತಿದ್ದರು.

"ಸ್ವಾಮೀ! ಕತೆ ಕೊಟ್ಟು ಹೋಗಿ!"

ಅವರು ತಲೆ ಹೊರಗೆ ಹಾಕಿದರು. "ಮೇಷ್ಟ್ರೇ! ಆಮೇಕೆ ಆ ಹೈದನ್ಗೆ ಗೊತ್ತಾಯ್ತದಾ?"

ಉತ್ತರ ಹೇಳುವ ಮೊದಲೇ ಧೂಳೆಬ್ಬಿಸಿಕೊಂಡು ಬಸ್ಸು ಮರೆಯಾಯಿತು. ಬೆನ್ನಿಗೇ ಊಟಿಯಿಂದ ಮೈಸೂರು ಬಸ್ಸು ಬಂದು ನಿಂತಿತು. ಫುಟ್‌ಬೋರ್ಡಿನಿಂದ ಚಿಕ್ಕಯ್ಯ ಕೈ ಚಾಚಿದ.

"ಬೇಗ ಕೊಡಿ ಮೇಷ್ಟ್ರೇ, ಟೈಮಾಯ್ತು. ಎಲ್ಲಿ ಕತೆ?"

"ಚಾಮರಾಜನಗರಕ್ಕೆ ಹೋಯ್ತು ಕಣಯ್ಯ."

"ಅಯ್ಯಯ್ಯೋ! ಮತ್ತೆ ಹುಡ್ಗಿ?"

ಮೇಷ್ಟ್ರು ಹೊಸ ಪಂಚೆಗೆ ಅಂಟಿದ ಈರುಳ್ಳಿ ಸಿಪ್ಪೆಯನ್ನು ಕೊಡವಿಕೊಂಡರು.

"ಅವಳೂ ಅಲ್ಲೇ."